ಹುಣ್ಣಿನ ಚಿತ್ರ ಕಳಿಸಿದರೆ ಸಾಲದು

ಮಾಯದ ಹುಣ್ಣುಗಳ ಚಿಕಿತ್ಸೆಗೆ ಮೊಬೈಲ್ ಫೋನನ್ನು ಬಳಸಬೇಕೆಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ಹಳ್ಳಿಯಲ್ಲಿ ಚಿತ್ರ ತೆಗೆದು ಕಳಿಸಿದರೆ ಪಟ್ಟಣದ ತಜ್ಞರು ನೋಡಿ ಸಲಹೆ ಕೊಡುತ್ತಾರಂತೆ. ನಾವು ಇದರ ವಿರೋಧಿಗಳಲ್ಲ. ಆದರೆ ಹುಣ್ಣು ಏಕೆ ಮಾಯುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ. ಇದು ಉಳ್ಳವರ ಕಾಯಿಲೆ ಎಂಬ ಕಾಲ ಹೋಯಿತು. ಕಾಯಿಲೆ ಹಳೆಯದಾದಂತೆ ಪಾದದ ನರಗಳು ಸ್ಪರ್ಶಜ್ಞಾನ ಕಳೆದುಕೊಳ್ಳುತ್ತವೆ, ರಕ್ತನಾಳಗಳು ಕಿರಿದಾಗುತ್ತವೆ. ಗದ್ದೆಯಲ್ಲಿ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ನೋವಿಲ್ಲವಾಗಿ ಕೂಲಿಯಾಳು ಅದೇ ಕಾಲಿನ ಮೇಲೆ ದಿನವಿಡೀ ನಿಂತು ದುಡಿಯುತ್ತಾನೆ. ಹುಣ್ಣು ಆಳಕ್ಕಿಳಿದು ಎಲುಬು ಮುಟ್ಟುತ್ತದೆ. ಕೊನೆಗೆ ಕಾಲನ್ನೇ ಕತ್ತರಿಸಬೇಕಾಗುತ್ತದೆ.

ಇದು ಹೊಸ ಜ್ಞಾನವೇನೂ ಅಲ್ಲ. 1946ರಲ್ಲಿ ವೆಲ್ಲೂರಿಗೆ ಬಂದ ಡಾಕ್ಟರ್ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಪಾದದ ಹುಣ್ಣುಗಳನ್ನು ಪರಿಶೀಲಿಸಿ, ಮಾಂಸ ತಾನಾಗಿ ಕೊಳೆಯುವುದಿಲ್ಲ, ಅರಿವಿಲ್ಲದ ಪಾದದ ಮೇಲೆ ಬೀಳುವ ಭಾರವೇ ಹುಣ್ಣಿಗೆ ಕಾರಣವೆಂದು ತೋರಿಸಿದರು. ಪ್ಲಾಸ್ಟರ್ ಕಟ್ಟಿ ಪಾದಕ್ಕೆ ಬಿಡುವು ಕೊಟ್ಟರೆ ಹುಣ್ಣು ಮಾಯುತ್ತಿತ್ತು. ಇಂದಿಗೂ ಮೊದಲ ಔಷಧಿ ಈ ಬಿಡುವೇ. ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಎರಡು ತಿಂಗಳು ಕಾಲೂರಬೇಡ ಎನ್ನುವುದು ವೈದ್ಯರಿಗೆ ಸುಲಭ; ಆ ಎರಡು ತಿಂಗಳ ಕೂಲಿ ಕೊಡುವವರು ಯಾರು?

ಡೆನ್ಮಾರ್ಕಿನಲ್ಲಿ ಸುಮಾರು 400 ಮಂದಿ ಇಂಥ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಹೆಚ್ಚಾಗಿ ದೂರದಿಂದಲೇ ನೋಡಿಕೊಂಡರು. 2015ರಲ್ಲಿ ಪ್ರಕಟವಾದ ಫಲಿತಾಂಶವೇನು? ಹುಣ್ಣು ಮಾಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ದೂರದಿಂದ ನೋಡಿಕೊಂಡವರಲ್ಲಿ ಸಾವು ಮಾತ್ರ ಹೆಚ್ಚಾಗಿತ್ತು. ಕಾರಣ ಸ್ಪಷ್ಟವಾಗಲಿಲ್ಲ. ಅನುಕೂಲವಂತ ದೇಶದ ಈ ಅನುಭವವನ್ನು ನಮ್ಮ ಅಧಿಕಾರಿಗಳು ಓದಬೇಕು.

ಹಾಗೆಂದು ಫೋನು ನಿಷ್ಪ್ರಯೋಜಕವಲ್ಲ. ಇ-ಸಂಜೀವನಿ 2019ರಿಂದ ಇದೆ. ವಾರಕ್ಕೊಮ್ಮೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆದರೆ ಹುಣ್ಣು ಕುಗ್ಗುತ್ತಿದೆಯೇ ಎಂಬುದು ಶಾಲೆಯ ಹಾಜರಿ ಪುಸ್ತಕದಷ್ಟು ನಿಚ್ಚಳವಾಗಿ ತಿಳಿಯುತ್ತದೆ. ನಾಲ್ಕು ವಾರದಲ್ಲಿ ಅರ್ಧದಷ್ಟಾದರೂ ಕುಗ್ಗದಿದ್ದರೆ ಮೇಲಿನ ವೈದ್ಯರು ಕೈಯಿಟ್ಟು ನೋಡಲೇಬೇಕು. ಸಕ್ಕರೆ ನೋಡುವ ವೈದ್ಯರು, ಶಸ್ತ್ರವೈದ್ಯರು, ಪಟ್ಟಿ ಕಟ್ಟುವ ನರ್ಸು ಇವರೆಲ್ಲ ಒಂದೇ ದಾಖಲೆ ನೋಡುವಂತಾದರೆ ರೋಗಿ ಚೀಟಿಗಳ ಕಟ್ಟು ಹಿಡಿದು ಅಲೆಯುವುದು ತಪ್ಪೀತು. ಚಪ್ಪಲಿ ಹೊಲಿಯುವವನನ್ನೂ ಈ ಸಾಲಿಗೆ ಸೇರಿಸಬೇಕು. ಅವನು ಕೊಡುವ ಮೆತ್ತನೆಯ ಅಟ್ಟೆ ಎಷ್ಟೋ ಕಾಲುಗಳನ್ನು ಉಳಿಸಬಲ್ಲದು. ಯಾವ ಸಮಿತಿಯೂ ಅವನನ್ನು ಕರೆದಂತಿಲ್ಲ!

ಚಿತ್ರ ತೆಗೆಯುವವರಾರು? ಆಶಾ ಕಾರ್ಯಕರ್ತೆಯರೇ ತಾನೆ. ಗೌರವಧನಕ್ಕಾಗಿ, ಆನ್‌ಲೈನ್ ದಾಖಲೆಯ ಗೊಂದಲದ ವಿರುದ್ಧ, 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತವರು ಅವರು. ಅವರ ತಲೆಗೆ ಇನ್ನೊಂದು ಆ್ಯಪ್ ಕಟ್ಟಿ, ದುಡ್ಡಿನ ಮಾತೆತ್ತದಿರುವುದು ಅನ್ಯಾಯ.

ನಮ್ಮ ಬೇಡಿಕೆ ಇಷ್ಟು. ಕಳಿಸಿದ ಚಿತ್ರಕ್ಕೆ ಎರಡು ದಿನದೊಳಗೆ ಉತ್ತರ ಕೊಡುವ ಹೊಣೆಯನ್ನು ತಾಲೂಕು ಆಸ್ಪತ್ರೆಯ ಒಬ್ಬ ವೈದ್ಯರಿಗೆ ಹೆಸರು ಹಿಡಿದು ವಹಿಸಬೇಕು. ಕುಷ್ಠರೋಗಿಗಳಿಗೆ ಕೊಡುವ ಎಂ.ಸಿ.ಆರ್. ಚಪ್ಪಲಿಯನ್ನು ಸಕ್ಕರೆ ಕಾಯಿಲೆಯ ಬಡವರಿಗೂ ಉಚಿತವಾಗಿ ಕೊಡಬೇಕು. ಆಶಾ ಕಾರ್ಯಕರ್ತೆಯರಿಗೆ ಈ ಕೆಲಸಕ್ಕೆ ಪ್ರತ್ಯೇಕ ಸಂಬಳ ಬೇಕು. ಹುಣ್ಣು ಮಾಯುವವರೆಗೆ ಕೂಲಿಕಾರನ ಮನೆಗೆ ದಿನಗೂಲಿ ತಲುಪಬೇಕು. ಈ ತಿಂಗಳು ನಮ್ಮ ಸಂಗಾತಿಗಳು ಊರೂರಿನಲ್ಲಿ ಇಂಥ ರೋಗಿಗಳ ಪಟ್ಟಿ ಮಾಡಿ, ಬೇಡಿಕೆಯೊಡನೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಸಲ್ಲಿಸಲಿದ್ದಾರೆ.