ಪೇಢೆ ಹಂಚಿದ ಮೇಲೆ ಯಾರು ಕೇಳಿದರು?



ಪ್ರತಿ ವರ್ಷ ಡಿಗ್ರಿ ರಿಸಲ್ಟ್ ಬಂದ ಮೇಲಿನ ಭಾನುವಾರ ನಮ್ಮ ಧರ್ಮಕೇಂದ್ರದಲ್ಲಿ ನಡೆಯುವುದು ಇದೇ. ಬಲಿಪೂಜೆ ಮುಗಿದ ಕೂಡಲೇ ಫಾದರ್ ಪಾಸಾದವರ ಹೆಸರು ಓದುತ್ತಾರೆ. ಚಪ್ಪಾಳೆ, ಶಾಲು, ಪೇಢೆ, ಗ್ರೂಪ್ ಫೋಟೊ. ಮರುವರ್ಷ ಮತ್ತೆ ಹೊಸ ಹೆಸರುಗಳು. ಹಿಂದಿನ ವರ್ಷದವರು ಈಗ ಎಲ್ಲಿದ್ದಾರೆ? ಯಾರೂ ಕೇಳುವುದಿಲ್ಲ. ಯುವಜನ ಸಂಘದ ನಾವೂ ಕೇಳಿಲ್ಲ. ಆ ತಪ್ಪನ್ನು ಒಪ್ಪಿಕೊಂಡೇ ಮುಂದಿನ ಮಾತು ಬರೆಯುತ್ತಿದ್ದೇವೆ.

ದಾರಿಯಲ್ಲಿ ಸಿಕ್ಕ ಕಾಕಾ ಒಬ್ಬರು ಕೇಳುತ್ತಾರೆ, "ಈಗ ಏನ್ ಮಾಡಾಕತ್ತೀಯಪ್ಪಾ?" "ಎಂ.ಎಸ್ಸಿ.ಗೆ ಹೆಸರ ಹಚ್ಚೇನ್ರಿ ಕಾಕಾ." "ಛಲೋ ಆತು ಬಿಡು." ಅಲ್ಲಿಗೆ ಮಾತು ಮುಗಿಯಿತು.

ನಿಜ ಹೇಳೋಣ. ನಮ್ಮಲ್ಲಿ ಎಷ್ಟೋ ಮಂದಿ ಎಂ.ಎಸ್ಸಿ., ಬಿ.ಎಡ್.ಗೆ ಸೇರುವುದು ಕಲಿಯುವ ಆಸೆಯಿಂದಲ್ಲ. ಇನ್ನೆರಡು ವರ್ಷ "ಖಾಲಿ ಕೂತಾನ" ಎಂಬ ಮಾತು ತಪ್ಪಿಸಿಕೊಳ್ಳಲು. ಆಸೆಯಿಂದ ಓದುವವರನ್ನು ದೇವರು ಆಶೀರ್ವದಿಸಲಿ. ನಮ್ಮ ತಕರಾರು ಅವರ ಮೇಲಲ್ಲ. ಕೆಲಸ ಸಿಗದೆ ಓದಿಗೆ ಹೋದವರನ್ನೂ "ಪ್ರಗತಿ" ಎಂದು ಬರೆದುಕೊಳ್ಳುವ ಲೆಕ್ಕದ ಮೇಲೆ.

ಹಾಗೆ ಬರೆದುಕೊಳ್ಳುವುದು ನಿಜ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ನಮೂನೆಯಲ್ಲಿ ಕೆಲಸ ಸಿಕ್ಕವರೂ ಮುಂದೆ ಓದಲು ಹೋದವರೂ ವಿದ್ಯಾರ್ಥಿ ಪ್ರಗತಿ ಎಂಬ ಒಂದೇ ತಲೆಬರಹದಡಿ ಬರುತ್ತಾರೆ. ಸರ್ಕಾರದ ನಿರುದ್ಯೋಗದ ಲೆಕ್ಕದಲ್ಲೂ ಓದುತ್ತಾ ಇರುವವನು, ಕೆಲಸ ಹುಡುಕದಿದ್ದರೆ, ನಿರುದ್ಯೋಗಿಯಲ್ಲ. ಅಂದರೆ ನಾವು ಎಂ.ಎಸ್ಸಿ.ಗೆ ಹೆಸರು ಹಚ್ಚಿದ ದಿನವೇ ದೇಶದ ಒಬ್ಬ ನಿರುದ್ಯೋಗಿ ಕಡಿಮೆಯಾದ!

ಹೀಗೆ ಕಳೆದ ಮೇಲೂ ಉಳಿದ ಲೆಕ್ಕ ನೋಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ಹೊರತಂದ ಭಾರತ ಉದ್ಯೋಗ ವರದಿಯ ಪ್ರಕಾರ 2022ರಲ್ಲಿ ಪದವೀಧರ ಯುವಜನರ ನಿರುದ್ಯೋಗ ಶೇ. 29.1. ಓದುಬರಹ ಬಾರದ ಯುವಜನರಲ್ಲಿ ಅದು ಶೇ. 3.4. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2023ರ ವರದಿ, 25 ವರ್ಷದೊಳಗಿನ ಪದವೀಧರರಲ್ಲಿ ಶೇ. 42ರಷ್ಟು ಮಂದಿಗೆ ಕೆಲಸವಿಲ್ಲ ಎಂದಿತು. ಓದದವನಿಗೆ ಒಳ್ಳೆಯ ಕೆಲಸವಿದೆ ಎಂದು ಇದರ ಅರ್ಥವಲ್ಲ. ಅವನಿಗೆ ಒಂದು ದಿನವೂ ಖಾಲಿ ಕೂರುವ ಶಕ್ತಿಯಿಲ್ಲ, ಸಿಕ್ಕ ಕೂಲಿಗೆ ಹೋಗುತ್ತಾನೆ. ನಮ್ಮನ್ನು ಮನೆಯವರು ಸಾಕುತ್ತಿದ್ದಾರೆ, ಅದಕ್ಕೇ ನಾವು ಕಾಯುತ್ತೇವೆ.

ಹಿರಿಯರು ಹೇಳುವುದುಂಟು: "ಈಗಿನ ಹುಡುಗರಿಗೆ ದುಡಿಯೋದು ಬ್ಯಾಡ." ಕ್ಷಮಿಸಿ, ಇದು ಸುಳ್ಳು. ಗೋವಾಕ್ಕೂ ಪುಣೆಗೂ ಹೋಗಿ ಒಂದೇ ಖೋಲಿಯಲ್ಲಿ ಆರು ಮಂದಿ ಇದ್ದು ರಾತ್ರಿ ಪಾಳಿ ಮಾಡುವವರು ನಮ್ಮ ಹುಡುಗರೇ. ಕಾಜು ಫ್ಯಾಕ್ಟರಿಯಲ್ಲಿ ಕೂತು ಮಗಳ ಫೀ ಕಟ್ಟಿದ ತಾಯಿ, ಮಗಳು ಬಿ.ಎಸ್ಸಿ. ಮುಗಿಸಿ ಅದೇ ಫ್ಯಾಕ್ಟರಿಗೆ ಬಂದರೆ ಅಳುತ್ತಾಳೆ. ಅದು ಕೆಲಸ ಕೀಳೆಂದಲ್ಲ. ಮೂರು ವರ್ಷದ ದುಡ್ಡು, ಬಸ್ಸಿನ ಓಡಾಟ ಎಲ್ಲಿ ಹೋಯಿತು ಎಂದು.

ಗಡಿಯವರಾದ ನಮಗೆ ಇನ್ನೊಂದು ಸಂಕಟವಿದೆ. 1956ರವರೆಗೆ ಚಂದಗಡ ಬೆಳಗಾವಿ ಜಿಲ್ಲೆಯಲ್ಲಿತ್ತು. ಇಂದಿಗೂ ಬೆಳಗಾವಿಯೇ ಹತ್ತಿರ, ಆದರೆ ನಮ್ಮ ಕಾಲೇಜುಗಳ ವಿಶ್ವವಿದ್ಯಾಲಯ ದೂರದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ. ಕರ್ನಾಟಕದ ಯುವನಿಧಿ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ, ಅಲ್ಲಿನ ನಿವಾಸಿಗಳಿಗೆ ಮಾತ್ರ. ಮಹಾರಾಷ್ಟ್ರ 2024ರಲ್ಲಿ ತಂದ ಯುವ ಕಾರ್ಯ ಪ್ರಶಿಕ್ಷಣ ಯೋಜನೆ ಪದವೀಧರನಿಗೆ ತಿಂಗಳಿಗೆ 10,000 ರೂಪಾಯಿ ಕೊಟ್ಟಿತು, ಆದರೆ ಅದು ತರಬೇತಿ, ನೌಕರಿಯಲ್ಲ. ಮನೆಯಲ್ಲಿ ಕನ್ನಡ, ಕಾಗದಪತ್ರದಲ್ಲಿ ಮರಾಠಿ ಇರುವ ಹುಡುಗನಿಗೆ ಇದೆಲ್ಲ ತಿಳಿಸಿ ಹೇಳುವವರು ಯಾರು?

ವಿಶ್ವಗುರು ಎರಡನೇ ಜಾನ್ ಪಾಲ್ 1981ರಲ್ಲಿ ಮಾನವ ದುಡಿಮೆಯ ಕುರಿತು ಬರೆದ ವಿಶ್ವಪತ್ರದಲ್ಲಿ ಓದಿದವರ ನಿರುದ್ಯೋಗದ ಮಾತೂ ಇದೆ. ಕೊಡುವ ಶಿಕ್ಷಣ ಸಮಾಜದ ನಿಜವಾದ ಅಗತ್ಯದ ಕಡೆ ಮುಖ ಮಾಡದಿದ್ದರೆ ಹೀಗಾಗುತ್ತದೆ ಎನ್ನುತ್ತಾರೆ. ಎಂದರೆ ದೋಷವೆಲ್ಲ ಹುಡುಗನದಲ್ಲ.

ಆದ್ದರಿಂದ ನಮ್ಮ ಬೇಡಿಕೆ ಮೂರು.

ಒಂದು, ಕಾಲೇಜುಗಳಿಗೆ. ಅಡ್ಮಿಶನ್ ಫಾರ್ಮ್ ಕೊಡುವಾಗಲೇ ಆಯಾ ವಿಷಯದಲ್ಲಿ ಹಿಂದೆ ಪಾಸಾದವರು ಏನಾದರು ಎಂದು ಬರೆದು ಕೊಡಿ: ಕೆಲಸ ಎಷ್ಟು ಮಂದಿಗೆ, ಎಂಥ ಕೆಲಸ, ಸಂಬಳವೆಷ್ಟು, ಓದಲು ಹೋದವರೆಷ್ಟು, ಖಾಲಿ ಇರುವವರೆಷ್ಟು. ಬ್ರಿಟನ್ನಿನಲ್ಲಿ ಪದವಿ ಮುಗಿದ ಸುಮಾರು 15 ತಿಂಗಳಿಗೆ ಪ್ರತಿಯೊಬ್ಬರನ್ನೂ ಸಂಪರ್ಕಿಸಿ ಇದನ್ನೇ ಕೇಳುತ್ತಾರೆ. ನಮ್ಮ ತಾಲೂಕಿನ ಕಾಲೇಜುಗಳಿಗೆ ಒಂದು ಫೋನ್ ಮಾಡುವುದು ಅಸಾಧ್ಯವೇ?

ಎರಡು, ಪಾಲನಾ ಮಂಡಳಿಗೆ. ಸತ್ಕಾರ ಮಾಡಿ, ಬೇಡ ಅನ್ನುವುದಿಲ್ಲ. ಶಾಲಿನ ದುಡ್ಡಿನಲ್ಲಿ ಅರ್ಧ ತೆಗೆದಿಟ್ಟು ಅರ್ಜಿ ಶುಲ್ಕ, ಸಂದರ್ಶನಕ್ಕೆ ಬಸ್ ಚಾರ್ಜು ಕೊಡಿ.

ಮೂರು, ನಮಗೇ. ಕಳೆದ ಐದು ವರ್ಷಗಳಲ್ಲಿ ಡಿಗ್ರಿ ಮುಗಿಸಿದ ನಮ್ಮ ಎಲ್ಲರ ಪಟ್ಟಿಯನ್ನು ಮೇ 1ರ ಕಾರ್ಮಿಕ ಸಂತ ಜೋಸೆಫರ ಹಬ್ಬದೊಳಗೆ ಮಾಡುತ್ತೇವೆ. ಹೆಸರು ಹೊರಗೆ ಹೇಳುವುದಿಲ್ಲ, ಅಂಕಿ ಮಾತ್ರ ಹೇಳುತ್ತೇವೆ. ನಾಚಿಕೆ ಬಿಟ್ಟು ನಿಜ ಹೇಳಿರಿ, ಅಷ್ಟೇ ಬೇಡಿಕೆ.

ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಯಜಮಾನ ಬೆಳಗಿನಿಂದ ಸಂಜೆಯವರೆಗೆ ಐದು ಸಲ ಹೊರಗೆ ಹೋಗುತ್ತಾನೆ. ಸಂಜೆ ಐದಕ್ಕೂ ನಿಂತೇ ಇದ್ದವರನ್ನು ಸೋಮಾರಿಗಳೆಂದು ಬೈಯಲಿಲ್ಲ. ಯಾಕೆ ನಿಂತಿದ್ದೀರಿ ಎಂದು ಕೇಳಿದ. ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎಂಬ ಅವರ ಉತ್ತರವನ್ನು ನಂಬಿದ. ನಾವು ಮೊದಲು ಅಷ್ಟಾದರೂ ಕಲಿಯೋಣ. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಹಾಲ್‌ನಲ್ಲಿ ವಹಿ ಹಿಡಿದು ಕೂತಿರುತ್ತೇವೆ. ಬನ್ನಿ.