ಅಂಗಳದ ಅತಿಥಿಯೂ ಮಲೆಯ ಮನೆಮಗಳೂ

ಹಾನುಬಾಳು ಸೀಮೆಯಲ್ಲಿ ಬೇಸಗೆಯೇ ಹೂವಿನ ಕಾಲ. ಮಾರ್ಚ್-ಏಪ್ರಿಲ್ ತಿಂಗಳ ಹೂಮಳೆ ಬಿದ್ದ ಎಂಟು-ಹತ್ತು ದಿನಗಳಲ್ಲಿ ಕಾಫಿ ತೋಟಗಳು ಬೆಳ್ಳಗಾಗುತ್ತವೆ. ಮೇ ತಿಂಗಳ ಮಳೆಗೆ ಮನೆಯಂಗಳದ ಗಡ್ಡೆಗಳಿಂದ ಮೇ ಹೂವು ಕೆಂಪು ಚೆಂಡಿನಂತೆ ಮೇಲೇಳುತ್ತದೆ. ಅದೇ ಹೊತ್ತಿಗೆ ಹಳೆಯ ಮರಗಳ ಕೊಂಬೆಗಳಿಂದ ಸೀತಾಳೆ ದಂಡೆಯ ಬಿಳಿ-ನಸುಗೆಂಪು ಗೊಂಚಲುಗಳು ಇಳಿಬೀಳುತ್ತವೆ. ಮೇ ಹೂವು ಆಫ್ರಿಕದಿಂದ ಬಂದ ಅತಿಥಿ. ಸೀತಾಳೆಯಾದರೋ ಈ ಮಲೆಯ ಮನೆಮಗಳು. ದೂರದ ಅಸ್ಸಾಂ ತನ್ನ ರಾಜ್ಯಪುಷ್ಪವೆಂದು ಗೌರವಿಸಿರುವುದೂ ಇದನ್ನೇ. ಅತಿಥಿಗೆ ಗೊಬ್ಬರ, ನೀರಿನ ಉಪಚಾರ ಸಲ್ಲುತ್ತಿರುವಾಗ ಮನೆಮಗಳು ನೆಲೆ ಕಳೆದುಕೊಳ್ಳುತ್ತಿರುವುದು ವಿಷಾದದ ಸಂಗತಿ.

ಸೀತಾಳೆಯನ್ನು ಬಂದಳಿಕೆಯೆಂದು ಬಗೆದು ಕಿತ್ತೆಸೆಯುವವರುಂಟು. ಇದು ತಪ್ಪು ತಿಳಿವಳಿಕೆ. ಬಂದಳಿಕೆ ಮರದ ರಸವನ್ನು ಹೀರುತ್ತದೆ. ಸೀತಾಳೆಗೆ ಮರವು ಕೇವಲ ಆಸರೆ. ಅದರ ತೂಗುಬೇರುಗಳ ಬಿಳಿಯ ಹೊದಿಕೆ ಮಳೆನೀರನ್ನು ಹೀರುತ್ತದೆ. ದಪ್ಪ ಎಲೆಗಳು ಅದನ್ನು ಬೇಸಗೆಗೆಂದು ಕೂಡಿಡುತ್ತವೆ. ಬೀಜವೋ ಧೂಳಿನಷ್ಟು ಸಣ್ಣದು. ತನ್ನದೆಂಬ ಆಹಾರವಿಲ್ಲದ ಆ ಬೀಜ ತಕ್ಕ ಶಿಲೀಂಧ್ರದ ನೆರವು ದೊರೆತರೆ ಮಾತ್ರ ಮೊಳೆಯುತ್ತದೆ. ಹೂಬಿಡಲು ವರ್ಷಗಳೇ ಬೇಕು. ಆದಕಾರಣ ಕಿತ್ತ ಒಂದು ಗಿಡದ ಸ್ಥಾನ ಬೇಗ ತುಂಬುವುದಿಲ್ಲ.

ಕಾಡುಮರಗಳ ನೆರಳಿದ್ದ ಎಷ್ಟೋ ತೋಟಗಳಲ್ಲಿ ಈಗ ಆಸ್ಟ್ರೇಲಿಯ ಮೂಲದ ಸಿಲ್ವರ್ ಓಕ್ ನಿಂತಿದೆ. ಬೇಗ ಬೆಳೆಯುವ, ಮೆಣಸಿನ ಬಳ್ಳಿಗೆ ಆಸರೆಯಾಗುವ, ನಾಟಾಕ್ಕೂ ಒದಗುವ ಮರವನ್ನು ಬೆಳೆಗಾರ ಮೆಚ್ಚುವುದು ಸಹಜವೇ. ಆದರೆ ಅತ್ತಿ, ಬಸರಿ, ಹಲಸುಗಳ ಅಗಲವಾದ ಕೊಂಬೆಗಳು ನೀಡುತ್ತಿದ್ದ ಆಶ್ರಯವನ್ನು ನೆಟ್ಟಗೆ ಬೆಳೆದು ಆಗಾಗ ಸವರಿಸಿಕೊಳ್ಳುವ ಈ ಮರ ನೀಡಲಾರದು. ಹಳೆಯ ಮರವೊಂದು ಉರುಳಿದರೆ ಅದರ ಮೈಮೇಲಿನ ಹೂದೋಟವೂ ಉರುಳುತ್ತದೆ.

ಪರಿಹಾರ ದುಬಾರಿಯದಲ್ಲ. ಕಾಡಿನ ಮರವೇರಿ ಸೀತಾಳೆಯನ್ನು ಕೀಳಬೇಕಾಗಿಲ್ಲ. ಮಳೆಗಾಲಕ್ಕೆ ಮುನ್ನ ನೆರಳು ಸವರುವಾಗ ಕೆಳಗೆ ಬೀಳುವ ಕೊಂಬೆಗಳಲ್ಲಿ ಒಣಗಿಹೋಗುವ ಗಿಡಗಳನ್ನು ಆಯ್ದು, ಅಂಗಳದ ಮಾವು, ಹಲಸಿನ ತೊಗಟೆಗೆ ತೆಂಗಿನ ನಾರಿನಿಂದ ಕಟ್ಟಿದರೆ ಸಾಕು. ಮಳೆಗಾಲದಲ್ಲಿ ಬೇರುಗಳು ತೊಗಟೆಯನ್ನು ಹಿಡಿದುಕೊಳ್ಳುತ್ತವೆ. ಕುಂಡದ ಮಣ್ಣಿನಲ್ಲಿ ಹೂತರೆ ಮಾತ್ರ ಬೇರು ಕೊಳೆಯುವುದು ನಿಶ್ಚಯ.

ತೋಟವುಳ್ಳ ಹಳೆಯ ವಿದ್ಯಾರ್ಥಿಗಳು ಒಂದೆರಡು ಹಳೆಯ ಮರಗಳನ್ನಾದರೂ ಉಳಿಸಲಿ. ಅಧ್ಯಾಪಕರು ಬಿದ್ದ ಕೊಂಬೆಯ ಗಿಡವನ್ನು ಮಕ್ಕಳ ಕೈಯಿಂದಲೇ ಶಾಲೆಯ ಮರಕ್ಕೆ ಕಟ್ಟಿಸಲಿ. ದಾನಿಗಳು ಕಟ್ಟಡದ ಜೊತೆಗೆ ಅದರ ಅಂಗಳದ ಮರಗಳನ್ನೂ ನೆನೆಯಲಿ. ಕಾಯಕ, ದಾಸೋಹಗಳನ್ನು ಬೋಧಿಸುವ ವಿದ್ಯಾಸಂಸ್ಥೆಗೆ ಇದು ಹೊರಗಿನ ಕೆಲಸವೇನಲ್ಲ. ಲಿಂಗಪೂಜೆಗೆ ಹೂವೆತ್ತುವ ಕೈ ಆ ಹೂವಿನ ಬೇರನ್ನೂ ಕಾಯುವುದು ಧರ್ಮವೇ ಸರಿ.