ಲೇಖಕಿ, ಪ್ರಕಾಶಕ ಮತ್ತು ನಡುವಿನವರು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ, ರಾತ್ರಿ ಕುಳಿತು ಇಂಗ್ಲಿಷಿನಲ್ಲಿ ಒಂದು ಪ್ರೇಮ ಕಾದಂಬರಿಯನ್ನು ಬರೆದು ಮುಗಿಸಿದ್ದಾಳೆ. ಲಿಟರರಿ ಏಜೆಂಟ್ ಎಂದು ಹೇಳಿಕೊಂಡವರೊಬ್ಬರು ಹಸ್ತಪ್ರತಿಯನ್ನು ಪ್ರಕಾಶಕರಿಗೆ ತಲುಪಿಸಲು 40,000 ರೂಪಾಯಿ ಕೇಳಿದರಂತೆ. ಈಕೆ ಕೊಟ್ಟೂ ಆಗಿತ್ತು. “ಏಜೆಂಟ್ ಅಂದರೆ ದಲ್ಲಾಳಿ ತಾನೇ ಸರ್? ದಲ್ಲಾಳಿಗೆ ಕೊಡಲೇಬೇಕಲ್ಲ?” ಎಂದಳು.

ದಲ್ಲಾಳಿ ಎಂಬ ಮಾತು ಪೂರ್ತಿ ತಪ್ಪಲ್ಲ. ಆದರೆ ಈ ವೃತ್ತಿಯ ಚರಿತ್ರೆಯನ್ನು ನೋಡಿದರೆ ಹಣ ಹರಿಯಬೇಕಾದ ದಿಕ್ಕು ಬೇರೆಯೆಂದು ತಿಳಿಯುತ್ತದೆ. 1870ರ ದಶಕದಲ್ಲಿ ಲಂಡನ್ನಿನಲ್ಲಿ ಎ. ಪಿ. ವಾಟ್ ಎಂಬುವರು ಲೇಖಕರ ಪರವಾಗಿ ಪ್ರಕಾಶಕರೊಡನೆ ವ್ಯವಹರಿಸತೊಡಗಿದರು. ಮುಂದೆ ಕಿಪ್ಲಿಂಗರಂಥವರೂ ಅವರ ಆಶ್ರಯಕ್ಕೆ ಬಂದರು. ಅವರ ಪಾಲು ಲೇಖಕನ ಗಳಿಕೆಯಲ್ಲಿ ನೂರಕ್ಕೆ 10. ಪ್ರಕಾಶಕ ವಿಲಿಯಂ ಹೈನ್‌ಮನ್ ಇಂಥ ಮಧ್ಯವರ್ತಿಗಳನ್ನು ಕಟುವಾಗಿ ಹಳಿದರು. ಹಳಿಯದೆ ಇನ್ನೇನು? ಅದುವರೆಗೆ ಲೇಖಕನು ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದ ಕರಾರುಪತ್ರವನ್ನು ಓದಿ ನೋಡುವವರು ಹುಟ್ಟಿಕೊಂಡಿದ್ದರು! ಇಂದು ಆ ಪಾಲು ಸಾಮಾನ್ಯವಾಗಿ ನೂರಕ್ಕೆ 15, ವಿದೇಶೀ ಹಕ್ಕುಗಳಿಗೆ 20. ಲೇಖಕನಿಗೆ ಹಣ ಬಂದಮೇಲೆಯೇ ಏಜೆಂಟರಿಗೆ ಪಾಲು. ಅಮೆರಿಕದ ಏಜೆಂಟರ ಸಂಘವಂತೂ ಹಸ್ತಪ್ರತಿಯನ್ನು ಓದಲು ಶುಲ್ಕ ಪಡೆಯುವುದನ್ನೇ ತನ್ನ ಸದಸ್ಯರಿಗೆ ನಿಷೇಧಿಸಿದೆ.

ಹೆಸರಿಲ್ಲದ ಲೇಖಕರಿಗೆ ಅಂಥವರು ದೊರೆಯುವುದು ಹೇಗೆ? ಅಮೆರಿಕದ ನಿಕೊಲಸ್ ಸ್ಪಾರ್ಕ್ಸ್ ಔಷಧ ಮಾರಾಟದ ಪ್ರತಿನಿಧಿಯಾಗಿದ್ದವರು. ಅವರ ಎರಡು ಕಾದಂಬರಿಗಳು ಅಚ್ಚಾಗದೆ ಉಳಿದಿದ್ದವು. ‘ದಿ ನೋಟ್‌ಬುಕ್’ ಮುಗಿದಾಗ 25 ಏಜೆಂಟರಿಗೆ ಪತ್ರ ಬರೆದರು. ಕೈಹಿಡಿದವರು ತೆರೇಸಾ ಪಾರ್ಕ್ ಒಬ್ಬರೇ. ಅವರೂ ವೃತ್ತಿಗೆ ಹೊಸಬರು. 1995ರಲ್ಲಿ ಆ ಕಾದಂಬರಿ 10 ಲಕ್ಷ ಡಾಲರಿಗೆ ಮಾರಾಟವಾಯಿತು. ಆ ಮೊತ್ತ ಎಲ್ಲರಿಗೂ ಬರುವಂಥದ್ದಲ್ಲ, ಬಿಡಿ. ನನಗೆ ಮುಖ್ಯವೆನಿಸುವುದು ‘ಹೊಸಬರು’ ಎಂಬ ಸಂಗತಿ. ಹೆಸರಾಂತ ಏಜೆಂಟರ ಕೈ ತುಂಬಿರುತ್ತದೆ. ಹುಡುಕುವ ಕಣ್ಣಿರುವುದು ಹೊಸಬರಿಗೆ. ಅವರಿಗೆ ಬರೆಯುವ ಪತ್ರ ಒಂದೇ ಪುಟದ್ದಾಗಿರಬೇಕು, ಅದರಲ್ಲಿ ಕಥೆಯ ತಿರುಳಿರಬೇಕು. ಅವರು ಪ್ರೇಮಕಥೆಗಳನ್ನು ಒಪ್ಪುತ್ತಾರೆಯೇ ಎಂಬುದನ್ನು ಮೊದಲೇ ತಿಳಿದಿರಬೇಕು. ಮಿಲ್ಸ್ ಅಂಡ್ ಬೂನ್ ಮಾಲಿಕೆಗಳಿಗಾದರೆ ಏಜೆಂಟರ ಹಂಗೇ ಇಲ್ಲ, ನೇರವಾಗಿ ಕಳುಹಿಸಬಹುದು.

ನಮ್ಮ ಹುಡುಗಿಯರು ಇಲ್ಲಿ ಎಡವುವುದು ಸಹಜ. ಕನ್ನಡದಲ್ಲಿ ಲೇಖಕಿಯ ಹಸ್ತಪ್ರತಿ ಸಂಪಾದಕರ ಇಲ್ಲವೇ ಪ್ರಕಾಶಕರ ಮೇಜಿಗೆ ನೇರವಾಗಿ ಹೋಗುವುದೇ ರೂಢಿ. ನಡುವಿನವರೆಂದರೆ ನನಗೆ ನೆನಪಾಗುವವಳು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದವಳೆಂದು ಅವಳ ಕೀರ್ತಿ. ಅವಳದು ದಾನ, ಇವರದು ವ್ಯಾಪಾರ. ಹೋಲಿಕೆ ತುಸು ಎಳೆದಂತಾಯಿತು, ನಿಜ. ಆದರೂ ಕೃತಿಯನ್ನು ನಂಬಿ ಮೊದಲು ಕೈಯಿಂದ ಕಳೆದುಕೊಳ್ಳುವವರು ನಡುವಿನವರೇ: ಆಕೆ ತನ್ನ ಸಂಪತ್ತನ್ನು, ಇಂದಿನ ಏಜೆಂಟರು ತಮ್ಮ ಸಮಯವನ್ನು. ಬರೆದವಳ ಸಂಬಳಕ್ಕೆ ಮೊದಲು ಕೈಚಾಚುವವರನ್ನು ಏಜೆಂಟರೆಂದು ನಾನಂತೂ ಕರೆಯಲಾರೆ.

ಆ 40,000 ಇನ್ನೂ ಹಿಂತಿರುಗಿಲ್ಲ. ಮೂರು ಪುಟಗಳಿದ್ದ ಅವಳ ಪತ್ರವನ್ನು ಇಬ್ಬರೂ ಕುಳಿತು ಒಂದು ಪುಟಕ್ಕೆ ಇಳಿಸಿದೆವು. ಎಂಟು ಕಡೆಗೆ ಕಳುಹಿಸಿದ್ದಾಳೆ. ಎರಡು ಕಡೆಯಿಂದ ವಿನಯದ ನಿರಾಕರಣೆ ಬಂದಿದೆ.